ಏಳೂವರೆಯೋ, ಐದೂವರೆಯೋ? ಒಂದು ಹಳೇ ಕೋಲ್ಟ್ ರಿವಾಲ್ವರಿನ ಉದ್ದದ ಲೆಕ್ಕ

 

ಈ ವಾರದ ಕಥೆ ಶುರುವಾಗಿದ್ದು ಒಂದು ವಾಟ್ಸಾಪ್ ಮೆಸೇಜಿಂದ. ನಮ್ಮ ಅಕ್ಕ-ಭಾವ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಭಾವ ಚನ್ನಪಟ್ಟಣದವರು. ಹುಡುಗರಾಗಿದ್ದಾಗ 'ಶೋಲೆ' ಶೂಟಿಂಗ್ ಆದ ಬಂಡೆಗಳನ್ನ ನೋಡೋಕೆ ರಾಮನಗರಕ್ಕೆ ಸೈಕಲ್ ತುಳ್ಕೊಂಡು ಹೋಗ್ತಿದ್ರಂತೆ. ಆ ಹುಚ್ಚು ಟೆಕ್ಸಾಸ್‌ಗೆ ಹೋದ್ಮೇಲೆ ಇಳಿಯೋದಿರಲಿ, ಇನ್ನೂ ಏರಿತು. ಎಷ್ಟೋ ವರ್ಷದಿಂದ ಒಂದು ಹಳೇ ಕೋಲ್ಟ್ ರಿವಾಲ್ವರ್ ಕೊಳ್ಳಬೇಕು, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಅಂತ ದುಡ್ಡು ಕೂಡಿಡ್ತಿದ್ರು.

ಮೆಸೇಜಲ್ಲಿ ಎರಡು ಫೋಟೋ ಇತ್ತು. ಎರಡೂ ಒಂದೇ ಮಾಡೆಲ್, ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ. ಒಂದರ ಬ್ಯಾರೆಲ್ 7½ ಇಂಚು, ಇನ್ನೊಂದರದ್ದು 5½ ಇಂಚು. ಬೆಲೆ ಹೆಚ್ಚುಕಮ್ಮಿ ಒಂದೇ, ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರಿನಷ್ಟು. ಹಿಂದೆಯೇ ವಾಯ್ಸ್ ನೋಟ್: "ನೋಡೋ, ನೀನು ಹಿಸ್ಟರಿ ಪಾಡ್‌ಕಾಸ್ಟ್ ಮಾಡ್ತೀಯಲ್ಲ. ನನಗೇನೋ ಉದ್ದದ್ದೇ ಸರಿ ಅನ್ಸುತ್ತೆ. ಗಿಡ್ಡದ್ದನ್ನ ಯಾರೋ ಕುಯ್ದಿದ್ದಾರೆ ಅಂತ ಕಾಣುತ್ತೆ, ನಂಬರೂ ಒಂದಕ್ಕೊಂದು ಮ್ಯಾಚ್ ಆಗ್ತಿಲ್ಲ. ಏನಂತೀಯ?"

ಐದು ನಿಮಿಷಕ್ಕೆ ಅಕ್ಕನ ಫೋನ್. "ನೀನಾದ್ರೂ ಬೇಡ ಅಂತ ಹೇಳೋ. ಆ ದುಡ್ಡಲ್ಲಿ ಮನೆ ರೂಫ್ ರಿಪೇರಿ ಆಗುತ್ತೆ."

ನಾನು ಓದಿದ್ದು ಬಿ.ಕಾಂ. ಬಂದೂಕಿನ ಬಗ್ಗೆ ನನಗೆ ಕೈಯಾರೆ ಗೊತ್ತಿರೋದು ಸೊನ್ನೆ. ಆದ್ರೆ ಒಂದೇ ಥರದ ಎರಡು ವಸ್ತು, ಒಂದೇ ಬೆಲೆ, ಯಾವುದು ತಗೋಬೇಕು ಅನ್ನೋದು ನಮ್ಮ ಸಬ್ಜೆಕ್ಟು. ಹಾಗಾಗಿ ಮೂರು ವಾರ ಇದರ ಹಿಂದೆ ಬಿದ್ದೆ.

ಮೊದಲು ಒಂದು ಮಾತು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಇಂಥದ್ದನ್ನ ಕೊಳ್ಳೋದು ಅಂದ್ರೆ ಲೈಸೆನ್ಸ್, ಪೊಲೀಸ್ ವಿಚಾರಣೆ ಎಲ್ಲ ಉಂಟು. ಅಮೆರಿಕದಲ್ಲಿ 1898 ಅಥವಾ ಅದಕ್ಕಿಂತ ಮುಂಚೆ ತಯಾರಾದ ಬಂದೂಕನ್ನ ಅಲ್ಲಿನ ಕೇಂದ್ರ ಕಾನೂನು 'ಆಂಟೀಕ್' ಅಂತ ಬೇರೆ ಲೆಕ್ಕಕ್ಕೆ ಹಾಕುತ್ತೆ. ರಾಜ್ಯಗಳ ನಿಯಮ ಬೇರೆ ಬೇರೆ ಇರುತ್ತೆ. ಭಾವ ನೋಡಿದ ಎರಡೂ ಆ ಗೆರೆಯ ಹಿಂದಿನವು.

ಈಗ ಕಥೆಗೆ ಬರೋಣ. ಸ್ಯಾಮ್ಯುಯೆಲ್ ಕೋಲ್ಟ್ ಸತ್ತಿದ್ದು 1862ರಲ್ಲಿ. ಅವನ ಹೆಸರನ್ನ ಜಗತ್ತಿಗೆಲ್ಲ ಹಬ್ಬಿಸಿದ ಈ ರಿವಾಲ್ವರ್ ಬಂದಿದ್ದು ಅವನು ಹೋಗಿ ಹತ್ತು ವರ್ಷ ಆದ್ಮೇಲೆ. 1873ರಲ್ಲಿ ಅಮೆರಿಕದ ಸೈನ್ಯ ಇದನ್ನ ಒಪ್ಪಿಕೊಳ್ತು, ಮೊದಲ ಆರ್ಡರ್ 8,000. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಕಾರ್ಖಾನೆಯಿಂದ ಸೈನ್ಯಕ್ಕೆ ಹೋದವೆಲ್ಲ 7½ ಇಂಚಿನವು.

ಯಾಕೆ ಅಷ್ಟುದ್ದ? ಆಗ ತೋಟಾದಲ್ಲಿ ಇರ್ತಿದ್ದದ್ದು ಕರಿಮದ್ದು. ಅದು ನಿಧಾನಕ್ಕೆ ಉರಿಯುತ್ತೆ. ಬ್ಯಾರೆಲ್ ಉದ್ದ ಇದ್ದಷ್ಟೂ ಹೊಗೆಯ ಒತ್ತಡ ಗುಂಡನ್ನ ಹೆಚ್ಚು ಹೊತ್ತು ತಳ್ಳುತ್ತೆ, ವೇಗ ಹೆಚ್ಚುತ್ತೆ. ಇನ್ನೊಂದು, ಗುರಿ ನೋಡೋ ಹಿಂದಿನ ಕಚ್ಚಿಗೂ ಮುಂದಿನ ಸಣ್ಣ ರೆಕ್ಕೆಗೂ ನಡುವೆ ದೂರ ಜಾಸ್ತಿ ಇದ್ರೆ ಗುರಿ ತಪ್ಪೋದು ಕಮ್ಮಿ. ಕುದುರೆ ಮೇಲಿನ ಸೈನಿಕನಿಗೆ ಉದ್ದ ಭಾರ ಅಲ್ಲ, ಸೊಂಟದಲ್ಲಿ ತೂಗಾಡ್ತಾ ಇರುತ್ತೆ. ಅಂದಹಾಗೆ ರಿವಾಲ್ವರಿನಲ್ಲಿ ಬ್ಯಾರೆಲ್ ಉದ್ದ ಅಳೆಯೋದು ಗುಂಡು ತುಂಬೋ ಸಿಲಿಂಡರಿನ ಮುಂದಿನಿಂದ ತುದಿಯವರೆಗೆ. ಸಿಲಿಂಡರನ್ನ ಸೇರಿಸಿ ಅಳೆದು ನಾನೇ ಮೊದಲ ದಿನ ಪೆದ್ದನಾದೆ.

ಊರಿನ ಜನಕ್ಕೆ ಈ ಉದ್ದ ಬೇಕಿರಲಿಲ್ಲ. ಕುರ್ಚಿಯಲ್ಲಿ ಕೂತ್ರೆ ಚುಚ್ಚುತ್ತೆ, ಎಳೆದು ತೆಗೆಯೋಕೆ ತಡ ಆಗುತ್ತೆ. ಹಾಗಾಗಿ ಹತ್ತು ವರ್ಷ ತುಂಬೋ ಮುಂಚೆಯೇ ಕಂಪನಿ 5½ ಇಂಚು, 4¾ ಇಂಚಿನವನ್ನೂ ಮಾಡ್ತು. ಈ ನಾಲ್ಕೂಮುಕ್ಕಾಲು ಅನ್ನೋ ವಿಚಿತ್ರ ಅಳತೆ ಎಲ್ಲಿಂದ ಬಂತು ಗೊತ್ತಾ? ಬ್ಯಾರೆಲ್ ಕೆಳಗೆ ಖಾಲಿ ತೋಟಾ ಹೊರಗೆ ದೂಡೋ ಕಡ್ಡಿಯ ಕೊಳವೆ ಇರುತ್ತೆ. ಬ್ಯಾರೆಲ್ ಅದರ ಸಮಕ್ಕೆ ಮುಗಿಯುತ್ತೆ. 1885ರ ಜುಲೈನಲ್ಲಿ ಬ್ಯಾಟ್ ಮಾಸ್ಟರ್‌ಸನ್ ಅನ್ನೋ ಹೆಸರುವಾಸಿ ಶೆರಿಫ್, ಆಗ ಮಾಜಿ, ಡಾಜ್ ಸಿಟಿಯ ಒಂದು ಮದ್ಯದಂಗಡಿಯ ಲೆಟರ್‌ಹೆಡ್ಡಲ್ಲೇ ಕಂಪನಿಗೆ ಆರ್ಡರ್ ಬರೆದ. ಬ್ಯಾರೆಲ್ ಆ ಕಡ್ಡಿಯಷ್ಟೇ ಉದ್ದ ಇರಲಿ ಅಂತ ಕೇಳಿದ. ಆ ಪತ್ರ ಉಳಿದಿದೆ. ಟೈಲರ್‌ಗೆ ಪ್ಯಾಂಟಿನ ಅಳತೆ ಹೇಳಿದ ಹಾಗಿದೆ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಹಳೇ ಎಪಿಸೋಡ್ ಒಂದರಲ್ಲಿ ವ್ಯಾಟ್ ಅರ್ಪ್ ಹತ್ತಿರ 12 ಇಂಚು ಬ್ಯಾರೆಲ್ಲಿನ 'ಬಂಟ್‌ಲೈನ್ ಸ್ಪೆಷಲ್' ಇತ್ತು ಅಂತ ಭಾರಿ ಉತ್ಸಾಹದಲ್ಲಿ ಹೇಳಿದ್ದೆ. ಆ ಕಥೆ ಬಂದಿದ್ದು ಅರ್ಪ್ ಸತ್ತು ಎರಡು ವರ್ಷದ ಮೇಲೆ, 1931ರಲ್ಲಿ ಸ್ಟುವರ್ಟ್ ಲೇಕ್ ಬರೆದ ಜೀವನಚರಿತ್ರೆಯಿಂದ. ನೆಡ್ ಬಂಟ್‌ಲೈನ್ ಅನ್ನೋ ಅಗ್ಗದ ಕಾದಂಬರಿಕಾರ ಐದು ಜನ ಪೊಲೀಸರಿಗೆ ಇಂಥ ಐದು ಗನ್ ಉಡುಗೊರೆ ಕೊಟ್ಟ ಅಂತ ಅದರಲ್ಲಿದೆ. ಅಂಥ ಆರ್ಡರ್ ಕಂಪನಿ ಲೆಡ್ಜರಿನಲ್ಲಿ ಸಿಕ್ಕಿಲ್ಲ. ಆಮೇಲೆ ಟಿವಿ ಧಾರಾವಾಹಿ ಬಂತು, ಜನ ಕೇಳೋಕೆ ಶುರು ಮಾಡಿದ್ರು, 1957ರಲ್ಲಿ ಕೋಲ್ಟ್ ಕಂಪನಿಯೇ 12 ಇಂಚಿನ 'ಬಂಟ್‌ಲೈನ್ ಸ್ಪೆಷಲ್' ಮಾಡಿ ಮಾರಿತು! ಸುಳ್ಳಿಗೆ ಕಾರ್ಖಾನೆಯೇ ಬಿಲ್ ಹಾಕಿ ಕೊಟ್ಟ ಹಾಗಾಯ್ತು. ಕೇಳುಗರಲ್ಲಿ ಕ್ಷಮೆ ಕೇಳ್ತೀನಿ.

ಸರಿ, ಭಾವನ ಎರಡನೇ ಫೋಟೋ, ಆ 'ಕುಯ್ದ' ಗನ್. ನಿಜ ಹೇಳಬೇಕಂದ್ರೆ ನಾನೂ ಅದನ್ನ ನೋಡಿದ ತಕ್ಷಣ ಬೇಡ ಅಂದ್ಕೊಂಡಿದ್ದೆ.

ಅದನ್ನ ಕುಯ್ದಿದ್ದು ಯಾರು ಅನ್ನೋದೇ ಇಲ್ಲಿ ಪ್ರಶ್ನೆ. 1892ರಲ್ಲಿ ಸೈನ್ಯ .38 ಕ್ಯಾಲಿಬರಿನ ಹೊಸ ರಿವಾಲ್ವರಿಗೆ ಹೋಯ್ತು, ಹಳೇ .45 ಕೋಲ್ಟ್‌ಗಳು ಗೋದಾಮು ಸೇರಿದ್ವು. 1895ರ ಸುಮಾರಿಗೆ ಅವನ್ನ ಹೊರಗೆ ತೆಗೆದು, ಬ್ಯಾರೆಲ್ ತುದಿಯಿಂದ ಎರಡು ಇಂಚು ಕತ್ತರಿಸಿ, ಮುಂದಿನ ರೆಕ್ಕೆಯನ್ನ ಮತ್ತೆ ಕೂರಿಸಿ, ರಿಪೇರಿ ಮಾಡಿ ಕೊಡೋಕೆ ಶುರು ಮಾಡಿದ್ರು. ಮೊದಲು ಸರ್ಕಾರದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ, ಆಮೇಲೆ ಕೋಲ್ಟ್ ಕಾರ್ಖಾನೆಯಲ್ಲೂ, 1903ರವರೆಗೆ. ಸಾವಿರಾರು ಗನ್. ಮೊದಲ ಕೆಲವು ಫಿರಂಗಿ ದಳಕ್ಕೆ ಹೋದದ್ದರಿಂದ ಸಂಗ್ರಾಹಕರು ಇವನ್ನೆಲ್ಲ 'ಆರ್ಟಿಲರಿ ಮಾಡೆಲ್' ಅಂತಾರೆ. ಎಲ್ಲವನ್ನೂ ಬಿಚ್ಚಿ, ರಾಶಿ ಹಾಕಿ, ಕೈಗೆ ಸಿಕ್ಕ ಭಾಗ ಜೋಡಿಸಿದ್ರು. ಅದಕ್ಕೇ ಬಹುಪಾಲು ಆರ್ಟಿಲರಿಗಳಲ್ಲಿ ಫ್ರೇಮಿನದ್ದು ಒಂದು ನಂಬರ್, ಸಿಲಿಂಡರಿನದ್ದು ಇನ್ನೊಂದು, ಬ್ಯಾರೆಲ್ಲಿನದ್ದು ಮತ್ತೊಂದು. ಬೇರೆ ಕೋಲ್ಟ್‌ನಲ್ಲಿ ನಂಬರ್ ಕೂಡದಿದ್ರೆ ಬೆಲೆ ಬೀಳುತ್ತೆ. ಇಲ್ಲಿ ಅದು ಸಹಜ.

ಈ ಸಂಗತಿ ಓದಿದಾಗ ನಾನು ಒಂದು ನಿಮಿಷ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಅದೇ ಗರಗಸ, ಅದೇ ಎರಡು ಇಂಚು. ಒಬ್ಬ ರೈತ ತನ್ನ ಅನುಕೂಲಕ್ಕೆ ಊರ ಕಮ್ಮಾರನ ಹತ್ತಿರ ಕುಯ್ಸಿದ್ರೆ ಬೆಲೆ ಪಾತಾಳಕ್ಕೆ. ಸರ್ಕಾರ ಕುಯ್ದಿದ್ರೆ ಅದಕ್ಕೊಂದು ಹೆಸರು, ಒಂದು ವರ್ಗ, ಒಂದು ಗೌರವ. ನ್ಯಾಯವೋ ಅನ್ಯಾಯವೋ, ಮಾರ್ಕೆಟ್ ಹಾಗಿದೆ.

ಹಾಗಾದ್ರೆ ಗುರುತು ಹಿಡಿಯೋದು ಹೇಗೆ? ಬ್ಯಾರೆಲ್ ಮೇಲೆ ಕಂಪನಿಯ ವಿಳಾಸ ಒತ್ತಿರುತ್ತೆ. ಕಾರ್ಖಾನೆಯಿಂದಲೇ 5½ ಅಥವಾ 7½ ಆಗಿ ಬಂದಿದ್ರೆ ವಿಳಾಸ ಒಂದೇ ಸಾಲಿನಲ್ಲಿ, ಬ್ಯಾರೆಲ್ಲಿನ ನಡುಮಧ್ಯೆ. 4¾ರಲ್ಲಿ ಜಾಗ ಸಾಲದೆ ಎರಡು ಸಾಲು. ಬ್ಯಾರೆಲ್ ಕತ್ತರಿಸಿದ್ರೆ ವಿಳಾಸ ಇದ್ದಲ್ಲೇ ಉಳಿದು, ತುದಿ ಅದರ ಹತ್ತಿರಕ್ಕೆ ಬಂದುಬಿಡುತ್ತೆ. ಸೈಟಿನ ಅರ್ಧ ರಸ್ತೆಗೆ ಹೋದ್ಮೇಲೆ ಬಾಗಿಲು ಒಂದು ಮೂಲೆಗೆ ಬಂದ ಮನೆಗಳಿರುತ್ತಲ್ಲ, ಹಾಗೆ. ಭಾವನ ಫೋಟೋದಲ್ಲಿ ವಿಳಾಸ ತುದಿ ಕಡೆ ವಾಲಿತ್ತು. ಅಂದ್ರೆ ಕುಯ್ದಿದ್ದಂತೂ ಖರೆ. ಆದ್ರೆ ಫ್ರೇಮಿನ ಎಡಗಡೆ 'ಯು.ಎಸ್.' ಅನ್ನೋ ಸರ್ಕಾರಿ ಮುದ್ರೆ ಇತ್ತು, ಮರದ ಹಿಡಿ ಮೇಲೆ ಇನ್‌ಸ್ಪೆಕ್ಟರ್ ಒತ್ತಿದ ಚೌಕ, ಸವೆದು ಸವೆದು ಅರ್ಧ ಕಾಣೋ ಹಾಗೆ. ಮೂರು ಕಡೆ ಮೂರು ನಂಬರ್. ಭಾವನಿಗೆ ತಪ್ಪು ಅನಿಸಿದ್ದೆಲ್ಲ ಸೇರಿ ಒಂದು ಆರ್ಟಿಲರಿಯ ಲಕ್ಷಣ ಆಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 'ಆರ್ಮಿ ಇತಿಹಾಸ' ಅಂದಾಗ ಅದು ಯಾರ ಮೇಲೆ ನಡೆದ ಇತಿಹಾಸ ಅಂತಲೂ ಹೇಳದೆ ಹೋದ್ರೆ ಈ ಪಾಡ್‌ಕಾಸ್ಟಿಗೆ ಅರ್ಥ ಇಲ್ಲ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿ ಹತ್ತಿರ ಕಸ್ಟರ್‌ನ 7ನೇ ಅಶ್ವದಳದವರ ಸೊಂಟದಲ್ಲಿ ಇದ್ದದ್ದು ಇದೇ 7½ ಇಂಚಿನ ಕೋಲ್ಟ್. ಅವರು ಹೋಗಿದ್ದು ಲಕೋಟಾ ಮತ್ತು ಶಯನ್ ಜನರನ್ನ ಅವರದೇ ನೆಲದಿಂದ ಎಬ್ಬಿಸಿ ಮೀಸಲು ಪ್ರದೇಶಕ್ಕೆ ಅಟ್ಟೋಕೆ. ಆ ದಿನ ಗೆದ್ದವರು ಲಕೋಟಾ, ಶಯನ್ ಯೋಧರು. ಕಸ್ಟರ್ ಜೊತೆಗಿದ್ದ ತುಕಡಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಆ ಜನ ನೆಲವನ್ನ ಕಳ್ಕೊಂಡ್ರು. ಇಪ್ಪತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಫಿಲಿಪ್ಪೀನ್ಸ್ ಯುದ್ಧದಲ್ಲಿ ಹೊಸ .38ರ ಪೆಟ್ಟು ಸಾಲದು ಅಂತ ಸೈನಿಕರು ದೂರಿದಾಗ ಮತ್ತೆ ಹಳೇ .45ಗಳನ್ನ ಕೊಟ್ರು, ಮೋಟು ಮಾಡಿದ ಇವೇ ಗನ್‌ಗಳು ಸಮುದ್ರ ದಾಟಿದ್ವು. ಭಾವನಿಗೆ ಇದನ್ನೆಲ್ಲ ಹೇಳಿದೆ. "ಗೊತ್ತಪ್ಪ, ಅದೂ ಪೆಟ್ಟಿಗೆ ಪಕ್ಕದ ಚೀಟಿಯಲ್ಲಿ ಬರೀತೀನಿ" ಅಂದ್ರು. ಬರೆದೇ ಬರೀತಾರೆ, ಅವರು ಅಂಥವರು.

ಇನ್ನು ಉದ್ದದ ಗನ್. ಫಳಫಳ ಹೊಳೀತಿತ್ತು. ಅದಕ್ಕೇ ನನಗೆ ಅನುಮಾನ.

ಬೆಂಗಳೂರಲ್ಲಿ ಸೈಟ್ ಕೊಳ್ಳೋವಾಗ ಮೊದಲು ಏನು ಕೇಳ್ತೀವಿ? ಇಸಿ ಕೊಡಿ ಅಂತ. ಕೋಲ್ಟ್‌ಗೂ ಒಂದು ಇಸಿ ಇದೆ. ಕಂಪನಿಯ ಹಳೇ ಲೆಡ್ಜರುಗಳು ಉಳಿದಿವೆ. ಸೀರಿಯಲ್ ನಂಬರ್ ಕೊಟ್ಟು ಶುಲ್ಕ ಕಟ್ಟಿದ್ರೆ, ಆ ನಂಬರಿನ ಗನ್ ಯಾವ ಕ್ಯಾಲಿಬರ್, ಎಷ್ಟು ಇಂಚು, ಯಾವ ದಿನ ಯಾರಿಗೆ ಹೋಯ್ತು ಅಂತ ಒಂದು ಪತ್ರ ಬರುತ್ತೆ. ಕೆಲವು ನಮೂದುಗಳಲ್ಲಿ ಬ್ಯಾರೆಲ್ಲಿನ ಕಾಲಂ ಖಾಲಿ ಇರುತ್ತೆ, ಅದು ನಮ್ಮ ಹಣೆಬರಹ.

ಕಾಗದಕ್ಕೆ ಎಷ್ಟು ಬೆಲೆ ಇದೆ ಅನ್ನೋಕೆ ಒಂದೇ ಉದಾಹರಣೆ ಸಾಕು. 1881ರಲ್ಲಿ ಶೆರಿಫ್ ಪ್ಯಾಟ್ ಗ್ಯಾರೆಟ್ ಬಿಲ್ಲಿ ದ ಕಿಡ್‌ನನ್ನ ಕೊಂದ ಕೋಲ್ಟ್, 7½ ಇಂಚಿನದ್ದು, 2021ರಲ್ಲಿ ಹರಾಜಾಯ್ತು. 60 ಲಕ್ಷ ಡಾಲರಿಗೂ ಮೇಲೆ! ಅದೇ ಉದ್ದದ, ಅದೇ ಕಾಲದ ಬೇರೆ ಕೋಲ್ಟ್‌ಗಳು ಬೇಕಾದಷ್ಟಿವೆ. ಗ್ಯಾರೆಟ್ ಅದನ್ನ ಟೆಕ್ಸಾಸಿನ ಎಲ್ ಪಾಸೋದ ಮದ್ಯದಂಗಡಿಯವನೊಬ್ಬನಿಗೆ ಕೊಟ್ಟಿದ್ದ. ಅವನು ಸತ್ತ ಮೇಲೆ ಗ್ಯಾರೆಟ್‌ನ ವಿಧವೆ ಅದನ್ನ ವಾಪಸ್ ಪಡೆಯೋಕೆ ಕೋರ್ಟಿಗೆ ಹೋಗಿ ಗೆದ್ದಳು. ಆ ಕೇಸಿನ ಕಾಗದಗಳು ಗನ್ ಯಾವುದು ಅನ್ನೋದಕ್ಕೆ ಸಾಕ್ಷಿಯಾಗಿ ಉಳಿದ್ವು.

ಭಾವನಿಗೆ ಹೇಳಿದೆ: "ಭಾವ, ಪತ್ರ ತರಿಸದೆ ಉದ್ದದ್ದಕ್ಕೆ ಅಡ್ವಾನ್ಸ್ ಕೊಡಬೇಡಿ." ಒಳ್ಳೆ ಮನುಷ್ಯ, ಮಾತು ಕೇಳಿದ್ರು. ಪತ್ರ ಬರೋಕೆ ವಾರಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಈ ಎಪಿಸೋಡಿನ ಸ್ಕ್ರಿಪ್ಟ್ ನಾಲ್ಕು ಸಲ ಬರೆದೆ.

ಪತ್ರ ಬಂತು. ಆ ಸೀರಿಯಲ್ ನಂಬರಿನ ಗನ್ ಕಾರ್ಖಾನೆಯಿಂದ ಹೊರಟಾಗ ಅದರ ಬ್ಯಾರೆಲ್ 4¾ ಇಂಚು. ಯಾರೋ, ಯಾವಾಗಲೋ, ಗಿಡ್ಡ ಬ್ಯಾರೆಲ್ ತಿರುಗಿಸಿ ತೆಗೆದು ಉದ್ದದ್ದನ್ನ ಹಾಕಿದ್ದಾರೆ, ಹೊಸದಾಗಿ ಬಣ್ಣವನ್ನೂ ಕೊಟ್ಟಿದ್ದಾರೆ. ಮೋಸಕ್ಕೇ ಹಾಕಿದ್ರೋ, ಹಳೇದು ಹಾಳಾಗಿತ್ತೋ, ಪತ್ರ ಹೇಳಲ್ಲ. ಮಾರೋ ಅಜ್ಜನಿಗೂ ಗೊತ್ತಿರಲಿಲ್ಲ. ಪಾಪ, ಅವರ ಮುಖ ಸಣ್ಣಗಾಯ್ತು ಅಂದ್ರು ಭಾವ.

ಹಾಗಾದ್ರೆ ಮೋಟು ಗನ್ ಕೊಂಡ್ರಾ ಅಂತ ಕೇಳ್ತೀರಿ. ಇಲ್ಲ. ಪತ್ರಕ್ಕೆ ಕಾಯ್ತಾ ಕೂತ ದಿನಗಳಲ್ಲಿ ಅದು ಬೇರೆಯವರಿಗೆ ಮಾರಾಟ ಆಗಿಬಿಟ್ಟಿತ್ತು. "ನಿನ್ನ ಮಾತು ಕೇಳಿ ಎರಡೂ ಹೋಯ್ತಲ್ಲೋ" ಅಂತ ಭಾವ ಎರಡು ದಿನ ನನ್ನ ಮೆಸೇಜಿಗೆ ಉತ್ತರ ಕೊಡಲಿಲ್ಲ. ಅವರು ಹೇಳಿದ್ದು ನಿಜ. ಆರ್ಟಿಲರಿ ಅಂತ ಗೊತ್ತಾದ ದಿನವೇ ಅದಕ್ಕಾದ್ರೂ ಅಡ್ವಾನ್ಸ್ ಕೊಡಿಸಬೇಕಿತ್ತು, ನನಗೆ ಹೊಳೆಯಲಿಲ್ಲ. ಅಕ್ಕ ಮಾತ್ರ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಳು. ರೂಫ್ ರಿಪೇರಿ ಆಗ್ತಿದೆ.

ಮೊನ್ನೆ ರಾತ್ರಿ ಮತ್ತೆ ಒಂದು ಫೋಟೋ ಬಂತು. ಈ ಸಲ ಗನ್ ಪೂರ್ತಿ ಕಾಣ್ತಿರಲಿಲ್ಲ, ಬ್ಯಾರೆಲ್ ಮೇಲಿನ ವಿಳಾಸದ ಕ್ಲೋಸಪ್ ಅಷ್ಟೇ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು. ಕೆಳಗೆ ಭಾವ ಬರೆದಿದ್ರು: "ನಡುಮಧ್ಯೆ ಇದೆಯಾ ನೋಡು. ಅಕ್ಕಂಗೆ ಹೇಳಬೇಡ."