ಗೊಂದಲ: ಪುಳಿಗೆರೆ ಸೀಮೆಯ ಆಡುಮಾತಿನಲ್ಲಿ ಒಂದು ಪದದ ಬಾಳುವೆ

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ‘ನಮ್ಮನ್ಯಾಗ ಗೊಂದಲ ಹಾಕ್ಸೇವಿ, ಬರ್ರಿ’ ಎಂದು ಯಾರಾದರೂ ಕರೆದರೆ ಅದು ಅಂಬಾಭವಾನಿಯ ಪೂಜೆಗೆ, ರಾತ್ರಿಯ ಕಥೆಗೆ ಕೊಟ್ಟ ಆಮಂತ್ರಣ. ಅದೇ ಮನೆಯಲ್ಲಿ ಊಟದ ಪಂಕ್ತಿ ಕೆಟ್ಟು, ಮೊದಲು ಬಂದವರು ಕಡೆಗೆ ಕೂತರೆ ‘ಭಾಳ ಗೊಂದಲಾತು’ ಎನ್ನುತ್ತಾರೆ. ಆಚರಣೆಯ ಅಬ್ಬರದಿಂದಲೇ ಎರಡನೆಯ ಅರ್ಥ ಹುಟ್ಟಿತೆಂಬುದು ಸುಲಭದ ವಿವರಣೆ. ನನಗದು ಸಾಲದು.

ಆಚರಣೆಯನ್ನೇ ನೋಡಿ. ಮಣೆಯ ಮೇಲೆ ಬಟ್ಟೆ ಹಾಸಿ, ಕಾಳು ಹರಡಿ, ಕಳಸ ಇಡುತ್ತಾರೆ, ದೀವಟಿಗೆ ಹೊತ್ತಿಸುತ್ತಾರೆ. ಕವಡೆ ಸರ ಹಾಕಿದ ಗೊಂದಲಿಗರು ಸಂಬಾಳ, ತುಂತುಣಿ, ತಾಳ ಹಿಡಿದು ನಿಲ್ಲುತ್ತಾರೆ. ಮೊದಲಿಗೆ ಊರೂರಿನ ದೇವರನ್ನು ಹೆಸರು ಹಿಡಿದು ಕರೆಯಬೇಕು. ಆಮೇಲೆ ಕಥೆ, ಮುಖ್ಯ ಕಥೆಗಾರ ಹೇಳುತ್ತ ಹೋದರೆ ಜೊತೆಗಾರ ನಡುನಡುವೆ ಪ್ರಶ್ನೆ ಹಾಕಿ ನಗಿಸುತ್ತಾನೆ. ಕಡೆಗೆ ಆರತಿ. ಇಲ್ಲಿ ಸದ್ದಿದೆ, ಆದರೆ ಕ್ರಮಕ್ಕೆ ಕೊರತೆಯಿಲ್ಲ. ಬಾಗಲಕೋಟೆಯ ಗೊಂದಲಿ ಗಾಯಕ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಶಿಸ್ತಿನ ಕಲೆಗೇ.

ಹೆಸರಿನ ಹಳಮೆಗೆ ಒಂದು ಗಟ್ಟಿ ಆಧಾರವಿದೆ. ಕಾಕತೀಯ ಗಣಪತಿದೇವನ ಗಜಸೇನೆಯ ನಾಯಕ ಜಾಯಪ 13ನೇ ಶತಮಾನದಲ್ಲಿ ಬರೆದ ‘ನೃತ್ತರತ್ನಾವಳಿ’ಯಲ್ಲಿ, ಕಲ್ಯಾಣದ ಚಾಲುಕ್ಯ ಸೋಮೇಶ್ವರ ಭೂತಮಾತೃ ಉತ್ಸವದಲ್ಲಿ ಭಿಲ್ಲ ವೇಷದ ಹೆಣ್ಣೊಬ್ಬಳು ಹಾಡುತ್ತ ಕುಣಿದದ್ದನ್ನು ಕಂಡು ಮೆಚ್ಚಿ ‘ಗೊಂಡಲಿ’ ಎಂಬ ನೃತ್ಯವಿಧಿಯನ್ನು ರೂಪಿಸಿದನೆಂದಿದೆ. ಮಹಾರಾಷ್ಟ್ರದಲ್ಲಿ ಭಿಲ್ಲಿಗೆ ಗೊಂಡಲಿ ಎನ್ನುವರೆಂಬ ಕಾರಣವನ್ನೂ ಜಾಯಪ ಕೊಡುತ್ತಾನೆ. ಅವನ ವ್ಯುತ್ಪತ್ತಿಯನ್ನು ನಾವು ಒಪ್ಪಲೇಬೇಕೆಂದಿಲ್ಲ. ಭೂಲೋಕಮಲ್ಲನೆಂಬ ಬಿರುದಿನ ಆ ಮೂರನೆಯ ಸೋಮೇಶ್ವರ (1126–1138) ಪುಳಿಗೆರೆ ನಾಡನ್ನೂ ಆಳಿದವನು ಎಂಬುದು ಮಾತ್ರ ನಮಗೆ ಮುಖ್ಯ.

ಆ ಪುಳಿಗೆರೆಯೇ ಇಂದಿನ ಲಕ್ಷ್ಮೇಶ್ವರ. ‘ಕವಿರಾಜಮಾರ್ಗ’ ಹೆಸರಿಸುವ ತಿರುಳ್ಗನ್ನಡದ ನೆಲೆಗಳಲ್ಲಿ ಒಂದು. ಹಳಗನ್ನಡಕ್ಕೆ ‘ಗೊಂದಣ’ ಎಂಬ ಮಾತು ಮೊದಲೇ ಗೊತ್ತಿತ್ತು. ಗುಂಪು, ದಟ್ಟಣೆ ಎಂದು ಅದರ ಅರ್ಥ. ದೇವಿಯ ಗೊಂದಲ ಮರಾಠಿ ಮನೆಮಾತಿನ ಮೇಳಗಳ ಜೊತೆ ಇತ್ತ ಬಂದಾಗ ಅದಕ್ಕೆ ಹತ್ತಿರದ ದನಿಯ ಪದವೊಂದು ಇಲ್ಲಿ ಕಾದೇ ಇತ್ತು. ಎರಡೂ ಬೆರೆತಿರಬೇಕು ಎಂಬುದು ನನ್ನ ಊಹೆ.

ಬೆರೆತರೂ ಆಡುವವರು ಅವನ್ನು ಕಲಸಿಕೊಳ್ಳಲಿಲ್ಲ. ಮರಾಠಿಯಲ್ಲಿ ‘ಗೋಂಧಳ ಘಾಲಣೆ’ ಎಂದರೆ ದೇವಿಯ ಗೊಂದಲ ಹಾಕುವುದೂ ಹೌದು, ರಂಪ ಮಾಡುವುದೂ ಹೌದು. ಒಂದೇ ಕ್ರಿಯಾಪದ ಎರಡಕ್ಕೂ ಸಲ್ಲುತ್ತದೆ. ಈ ಭಾಗದ ಕನ್ನಡ ಆ ಕೆಲಸವನ್ನು ಹಂಚಿಕೊಟ್ಟಿದೆ. ದೇವಿಗೆ ಗೊಂದಲ ‘ಹಾಕಿಸು’ತ್ತಾರೆ, ಸಭೆಯಲ್ಲಿ ‘ಎಬ್ಬಿಸು’ತ್ತಾರೆ, ಲೆಕ್ಕದಲ್ಲಿ ‘ಮಾಡಿಕೊಳ್ಳು’ತ್ತಾರೆ, ತಲೆಯಲ್ಲಿ ಅದು ‘ಆಗು’ತ್ತದೆ.

ಗದ್ದಲದ ಪಕ್ಕದಲ್ಲಿಟ್ಟರೆ ಪದದ ಅಂಚು ಇನ್ನಷ್ಟು ಸ್ಪಷ್ಟವಾಗುತ್ತದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಅವುಗಳ ಕೂಗಿಗೆ ‘ಏನ್ ಗದ್ಲಾ ಹಚ್ಯಾವು’ ಎನ್ನಬಹುದು. ಪತ್ರಿಕೆಯವರು ಕಲರವ ಎಂದು ಬರೆಯುತ್ತಾರೆ. ಗೊಂದಲ ಎಂದರೆ ಮಾತ್ರ ಕಿವಿಗೆ ಒಗ್ಗದು. ಯಾಕೆಂದರೆ ಗದ್ದಲಕ್ಕೆ ಸದ್ದು ಸಾಕು, ಗೊಂದಲಕ್ಕೆ ಇರಬೇಕಾದ ಒಂದು ಸರತಿ ತಪ್ಪಬೇಕು. ಕೆರೆ ದಂಡೆಗೆ ಬಂದ ಪ್ರವಾಸಿಗರ ಗಾಡಿಗಳು ಅಡ್ಡಾದಿಡ್ಡಿ ನಿಂತು ದಾರಿ ಕಟ್ಟಿದರೆ ಅದು ಗೊಂದಲ, ಯಾರೂ ಹಾರ್ನ್ ಹೊಡೆಯದಿದ್ದರೂ.

ಸದ್ದಿಲ್ಲದ ಈ ಅರ್ಥವೇ ಈಗ ಬೆಳೆಯುತ್ತಿದೆ. ‘ಯಾವ ಕಾಲೇಜು ಅನ್ನೋದು ಗೊಂದಲಾಗೈತಿ’ ಎನ್ನುವ ಹುಡುಗಿಯ ಸುತ್ತ ಗುಂಪಿಲ್ಲ, ಗಲಾಟೆಯಿಲ್ಲ. ಅರ್ಜಿ, ಸುತ್ತೋಲೆ, ಫಲಿತಾಂಶಗಳ ಭಾಷೆ ಈ ಬಳಕೆಗೆ ಬಲ ಕೊಟ್ಟಿದೆ. ಪತ್ರಿಕೆಗಳ ‘ಗೊಂದಲದ ಗೂಡು’ ಸವೆದುಹೋಗುವಷ್ಟು ಬಳಕೆಯಾಗಿದೆ.

ಕರ್ತೃಪದವೊಂದು ಮಾತ್ರ ಕದಲಿಲ್ಲ. ಸಭೆ ಕೆಡಿಸಿದವನನ್ನು ಇಲ್ಲಿ ಕಿಡಿಗೇಡಿ ಎಂದಾರು, ಕಿತಾಪತಿ ಎಂದಾರು, ಗೊಂದಲಿಗ ಎನ್ನುವುದಿಲ್ಲ. ಆ ಹೆಸರು ಸಂಬಾಳ ಹಿಡಿದವನಿಗೇ ಮೀಸಲು.