ಒಂದೂವರೆ ಗಂಟೆಯ ಅಂತರ: ಬೋರ್ಡನ್ ಕೊಲೆ ಪ್ರಕರಣದ ಶಂಕಿತರು ಮತ್ತು ವಾದಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಹತ್ತಿ ಗಿರಣಿಗಳಿಂದ ಬೆಳೆದ ಊರು. 1892ರ ಆಗಸ್ಟ್ 4ರ ಗುರುವಾರ ಬೆಳಿಗ್ಗೆ ಅಲ್ಲಿನ ಸೆಕೆಂಡ್ ಸ್ಟ್ರೀಟಿನ 92ನೇ ನಂಬರಿನ ಮನೆಯಲ್ಲಿ ಆಂಡ್ರ್ಯೂ ಬೋರ್ಡನ್ ಮತ್ತು ಅವನ ಎರಡನೆಯ ಹೆಂಡತಿ ಆ್ಯಬಿ ಕೊಡಲಿ ಏಟಿಗೆ ಸತ್ತರು. ಆ್ಯಬಿಯ ತಲೆಗೆ ಬಿದ್ದದ್ದು 18–19 ಏಟು, ಆಂಡ್ರ್ಯೂವಿನ ಮುಖಕ್ಕೆ ಬಿದ್ದದ್ದು 10–11. ಅಮೆರಿಕದ ಮಕ್ಕಳ ಬಾಯಲ್ಲಿ ಈಗಲೂ ಓಡಾಡುವ ಪದ್ಯವೊಂದು ಈ ಲೆಕ್ಕವನ್ನು 40 ಮತ್ತು 41ಕ್ಕೆ ಏರಿಸಿದೆ. ಅದೇ ಪದ್ಯ ಮಲತಾಯಿಯನ್ನು ತಾಯಿಯನ್ನಾಗಿಸಿ, ಮಗಳು ಲಿಜ್ಜಿಯೇ ಕೊಂದವಳೆಂದು ತೀರ್ಪನ್ನೂ ಕೊಟ್ಟುಬಿಟ್ಟಿದೆ. ನ್ಯಾಯಾಲಯ ಮಾತ್ರ 1893ರಲ್ಲಿ ಅವಳನ್ನು ಖುಲಾಸೆ ಮಾಡಿತು. ಆಮೇಲೆ ಈ ಕೊಲೆಗಳಿಗಾಗಿ ಯಾರ ಮೇಲೂ ವಿಚಾರಣೆ ನಡೆಯಲಿಲ್ಲ.

ನ್ಯಾಯಾಲಯ ಕೈಬಿಟ್ಟದ್ದನ್ನು ಲೇಖಕರು ಕೈಗೆತ್ತಿಕೊಂಡರು. ಮನೆಗೆಲಸದವಳು, ಅಕ್ಕ, ಸೋದರಮಾವ, ಎಲ್ಲಿಂದಲೋ ಬಂದ ಅಕ್ರಮ ಸಂತಾನ, ಹೀಗೆ ತಲೆಮಾರಿಗೊಬ್ಬ ಕೊಲೆಗಾರ ಸಿಕ್ಕಿದ್ದಾನೆ. ಇವರೆಲ್ಲರನ್ನೂ ಒಂದೇ ಒರೆಗಲ್ಲಿಗೆ ಉಜ್ಜಿ ನೋಡಬಹುದೆಂಬುದು ಈ ಲೇಖನದ ವಾದ. ಆ ಒರೆಗಲ್ಲು ಎರಡು ಸಾವುಗಳ ನಡುವಿನ ಕಾಲ.

ಆ ಬೆಳಗಿನ ವೇಳೆಯನ್ನು ಸಾಕ್ಷಿಗಳ ಹೇಳಿಕೆಗಳಿಂದ ಬಹುಮಟ್ಟಿಗೆ ಜೋಡಿಸಬಹುದು. ಹಿಂದಿನ ದಿನ ಬಂದಿದ್ದ ಜಾನ್ ಮೋರ್ಸ್ (ಆಂಡ್ರ್ಯೂವಿನ ತೀರಿಹೋದ ಮೊದಲ ಹೆಂಡತಿಯ ತಮ್ಮ) ತಿಂಡಿ ಮುಗಿಸಿ ಒಂಬತ್ತಕ್ಕೆ ಮೊದಲೇ ಹೊರಟ. ಸ್ವಲ್ಪ ಹೊತ್ತಿಗೆ ಆಂಡ್ರ್ಯೂ ಬ್ಯಾಂಕು, ಬಾಡಿಗೆ ಕಟ್ಟಡಗಳ ಕಡೆ ಹೋದ. ಆ್ಯಬಿ ಕೆಲಸದವಳಾದ ಐರಿಷ್ ಹೆಂಗಸು ಬ್ರಿಜೆಟ್ ಸಲ್ಲಿವನ್‌ಗೆ ಕಿಟಕಿ ತೊಳೆಯಲು ಹೇಳಿ, ಮೇಲಿನ ಅತಿಥಿಗಳ ಕೋಣೆಯನ್ನು ಓರಣ ಮಾಡಲು ಹೋದಳು. ಬ್ರಿಜೆಟ್ ಹೊರಗೆ ನೀರು ಎರಚುತ್ತಿದ್ದಳು. ಲಿಜ್ಜಿಯ ಅಕ್ಕ ಎಮ್ಮಾ ಫೇರ್‌ಹೇವನ್ ಊರಿನಲ್ಲಿ ಗೆಳತಿಯರ ಮನೆಯಲ್ಲಿದ್ದಳು. ಆ್ಯಬಿಯ ಹೊರತು ಒಳಗಿದ್ದವಳು 32 ವರ್ಷದ ಲಿಜ್ಜಿ ಒಬ್ಬಳೇ. ಹತ್ತೂಮುಕ್ಕಾಲರ ಸುಮಾರಿಗೆ ಆಂಡ್ರ್ಯೂ ಹಿಂದಿರುಗಿ ನಡುಮನೆಯ ಸೋಫಾದ ಮೇಲೆ ಒರಗಿದ. ಬ್ರಿಜೆಟ್ ಅಟ್ಟದ ಮೇಲಿನ ತನ್ನ ಕೋಣೆಯಲ್ಲಿ ಅಡ್ಡಾದಳು. ಪುರಭವನದ ಗಡಿಯಾರ ಹನ್ನೊಂದು ಹೊಡೆದದ್ದನ್ನು ಅವಳು ಕೇಳಿದ್ದಾಳೆ. ಅದಾದ ಹತ್ತು ನಿಮಿಷಕ್ಕೆ, ಅಪ್ಪನನ್ನು ಯಾರೋ ಕೊಂದಿದ್ದಾರೆಂದು ಲಿಜ್ಜಿ ಕೆಳಗಿನಿಂದ ಕೂಗಿದಳು.

ಆ್ಯಬಿಯ ಹೆಣ ಸಿಕ್ಕಿದ್ದು ಆಮೇಲೆ. ಆ್ಯಬಿ ಮನೆಗೆ ವಾಪಸಾದ ಸದ್ದು ಕೇಳಿದಂತಿತ್ತು, ಮೇಲೆ ಹೋಗಿ ನೋಡಿ ಎಂದು ಲಿಜ್ಜಿಯೇ ಹೇಳಿದ್ದಳು. ನೆರೆಮನೆಯ ಅಡಿಲೇಡ್ ಚರ್ಚಿಲ್ ಬ್ರಿಜೆಟ್‌ಳೊಂದಿಗೆ ಮೆಟ್ಟಿಲು ಹತ್ತುವಾಗ, ಕಣ್ಣು ಮಹಡಿಯ ನೆಲದ ಮಟ್ಟಕ್ಕೆ ಬರುತ್ತಲೇ ಮಂಚದಾಚೆ ಬಿದ್ದಿದ್ದ ದೇಹ ಕಂಡಿತು. ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ಕೆಳಗೆ ಆಂಡ್ರ್ಯೂವಿನ ರಕ್ತ ಇನ್ನೂ ಹಸಿಯಾಗಿತ್ತು. ಹಾರ್ವರ್ಡ್‌ನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ವುಡ್ ಇಬ್ಬರ ಜಠರಗಳನ್ನೂ ಪರೀಕ್ಷಿಸಿದರು. ವಿಷದ ಸುಳಿವಿರಲಿಲ್ಲ. ಒಂದೇ ಮೇಜಿನಲ್ಲಿ ತಿಂದ ಬೆಳಗಿನ ತಿಂಡಿ ಆಂಡ್ರ್ಯೂವಿನ ಹೊಟ್ಟೆಯಲ್ಲಿ ಬಹುಪಾಲು ಜೀರ್ಣವಾಗಿತ್ತು, ಆ್ಯಬಿಯ ಹೊಟ್ಟೆಯಲ್ಲಿ ಆಗಿರಲಿಲ್ಲ. ಆ್ಯಬಿ ಸುಮಾರು ಒಂದೂವರೆ ಗಂಟೆ ಮೊದಲೇ ಸತ್ತಿದ್ದಳೆಂದು ವೈದ್ಯರು ನಿರ್ಧರಿಸಿದರು. ಇಡೀ ಪ್ರಕರಣದಲ್ಲಿ ಎರಡೂ ಪಕ್ಷಗಳು ಗಂಭೀರವಾಗಿ ಅಲ್ಲಗಳೆಯಲಾಗದೆ ಹೋದ ಸಂಗತಿ ಇದು.

ಈ ಅಂತರದಿಂದ ಮೊದಲು ತೊಡಕಾಗುವುದು ಹೊರಗಿನವನೊಬ್ಬ ಬಂದು ಕೊಂದನೆಂಬ ವಾದಕ್ಕೆ. ಬಂದವನು ಒಂಬತ್ತೂವರೆಗೆ ಆ್ಯಬಿಯನ್ನು ಮುಗಿಸಿ, ಆಂಡ್ರ್ಯೂ ಬರುವವರೆಗೂ ರಕ್ತಸಿಕ್ತ ಕೊಡಲಿ ಹಿಡಿದು ಒಳಗೇ ಅವಿತಿರಬೇಕು. ಆ ಮನೆ ಅವಿತುಕೊಳ್ಳುವಂಥದ್ದಲ್ಲ. ಓಣಿಗಳಿಲ್ಲದೆ ಕೋಣೆಯಿಂದ ಕೋಣೆಗೇ ದಾಟಬೇಕು. ಮಹಡಿಯ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವಿನ ಬಾಗಿಲಿಗೆ ಸದಾ ಬೀಗ. ಮುಂಬಾಗಿಲ ಅಗುಳಿ ಎಷ್ಟು ಬಿಗಿಯಾಗಿತ್ತೆಂದರೆ ಯಜಮಾನನೇ ಹೊರಗೆ ನಿಂತು ಬಡಿಯಬೇಕಾಯಿತು. ಬ್ರಿಜೆಟ್ ತಿಣುಕಾಡಿ ತೆಗೆಯುವಾಗ ಮೇಲಿನಿಂದ ಲಿಜ್ಜಿ ನಕ್ಕದ್ದು ಕೇಳಿಸಿತೆಂದು ಸಾಕ್ಷಿ ನುಡಿದಿದ್ದಾಳೆ. ಆ ಹೊತ್ತಿಗೆ ಆ್ಯಬಿ ಸತ್ತು ಗಂಟೆಯೇ ಕಳೆದಿತ್ತು. ಸುಮಾರು 90 ಕಿಲೋ ತೂಕದ ಹೆಂಗಸು ನೆಲಕ್ಕುರುಳಿದ ಸದ್ದೂ ಆ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಕಳವಂತೂ ಏನೂ ಆಗಿರಲಿಲ್ಲ.

ಆದರೂ ಹೊರಗಿನವನ ವಾದಕ್ಕೆ ವಿಚಾರಣೆಯ ಹೊಸ್ತಿಲಲ್ಲಿ ಅನಿರೀಕ್ಷಿತ ಬಲ ಬಂತು. 1893ರ ಮೇ ಕೊನೆಯಲ್ಲಿ ಅದೇ ಊರಿನ ಬರ್ತಾ ಮ್ಯಾಂಚೆಸ್ಟರ್ ಎಂಬ ಯುವತಿ ಕೊಡಲಿಗೆ ಬಲಿಯಾದಳು. ಜೋಸ್ ಕೊರೆಯಾ ಡಿ ಮೆಲ್ಲೊ ಎಂಬ ಪೋರ್ಚುಗೀಸ್ ವಲಸಿಗನ ಬಂಧನವಾಗುವ ಹೊತ್ತಿಗೆ ಬೋರ್ಡನ್ ವಿಚಾರಣೆಗೆ ಜ್ಯೂರಿಯ ಆಯ್ಕೆ ಶುರುವಾಗುವುದರಲ್ಲಿತ್ತು. ಹಿಂದಿನ ವರ್ಷದ ಆಗಸ್ಟಿನಲ್ಲಿ ಅವನು ಅಮೆರಿಕಕ್ಕೆ ಬಂದೇ ಇರಲಿಲ್ಲ ಎಂಬುದು ಖಚಿತವಾಗಿದ್ದು ಆಮೇಲೆ. ಅಷ್ಟರಲ್ಲಿ ಕೊಡಲಿ ಹಿಡಿದ ಅಪರಿಚಿತನೊಬ್ಬ ಊರಲ್ಲಿ ಅಲೆಯುತ್ತಿದ್ದಾನೆಂಬ ಭಾವನೆ ಜನರಲ್ಲಿ ಬೇರೂರಿತ್ತು.

ಮೋರ್ಸ್‌ನನ್ನು ಊರೇ ಬೆನ್ನಟ್ಟಿತ್ತು. ಆದರೆ ಆ ಹೊತ್ತಿನಲ್ಲಿ ಅವನು ಊರಿನ ಇನ್ನೊಂದು ತುದಿಯ ನೆಂಟರ ಮನೆಯಲ್ಲಿದ್ದುದನ್ನು ಪೊಲೀಸರು ತಾಳೆ ನೋಡಿ ಒಪ್ಪಿಕೊಂಡರು. ಅವನ ವಿಷಯ ಅಲ್ಲಿಗೆ ಮುಗಿಯಿತು.

ಬ್ರಿಜೆಟ್ ಮೇಲಿನ ಸಂಶಯಕ್ಕೆ ಪುಸ್ತಕದ ರೂಪ ಕೊಟ್ಟವನು ಎಡ್ವರ್ಡ್ ರಾಡಿನ್. ಅವನ ಕೃತಿ ಬಂದದ್ದು 1961ರಲ್ಲಿ. 1924ರಲ್ಲಿ ಎಡ್ಮಂಡ್ ಪಿಯರ್ಸನ್ ಬರೆದ ಪ್ರಬಂಧ ಲಿಜ್ಜಿಯೇ ತಪ್ಪಿತಸ್ಥೆ ಎಂಬ ಭಾವನೆಯನ್ನು ಓದುಗರಲ್ಲಿ ಗಟ್ಟಿ ಮಾಡಿತ್ತು. ಪಿಯರ್ಸನ್ ತನಗೆ ಬೇಕಾದ ಸಾಕ್ಷ್ಯವನ್ನಷ್ಟೇ ಆರಿಸಿಕೊಂಡನೆಂದು ರಾಡಿನ್ ಎತ್ತಿದ ಆಕ್ಷೇಪ ಸರಿಯಾಗಿಯೇ ಇದೆ. ಅದರ ಬೆನ್ನಿಗೆ ಅವನು ಮುಂದಿಟ್ಟ ಪರ್ಯಾಯಕ್ಕೆ ಅಷ್ಟು ಬಲವಿಲ್ಲ. ಬ್ರಿಜೆಟ್‌ಗೆ ಅವಕಾಶವಿತ್ತು, ನಿಜ. ಬಿಸಿಲಲ್ಲಿ ಕಿಟಕಿ ತೊಳೆಸಿದರೆಂಬ ಸಿಟ್ಟಿಗೆ ಒಬ್ಬಳನ್ನು ಕೊಂದು, ತಣ್ಣಗೆ ಕೆಲಸ ಮುಂದುವರಿಸಿ, ಯಜಮಾನನಿಗೆ ತಾನೇ ಬಾಗಿಲು ತೆಗೆದು, ಆಮೇಲೆ ಅವನನ್ನೂ ಕೊಂದಳೆಂದು ನಂಬುವುದು ಕಷ್ಟ. ಆಸ್ತಿಯಲ್ಲಿ ಅವಳಿಗೆ ಚಿಕ್ಕಾಸೂ ಬರುವಂತಿರಲಿಲ್ಲ. ಐರಿಷ್ ಕೆಲಸದವಳ ಮೇಲೆ ತಪ್ಪು ಹೊರಿಸುವುದು ಆ ಕಾಲದ ನ್ಯೂ ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. ಆದರೂ 1892ರ ಪೊಲೀಸರು ಆ ದಾರಿ ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಬ್ರಿಜೆಟ್ ಮುಂದೆ ಮೊಂಟಾನಾದಲ್ಲಿ ಸಂಸಾರ ಹೂಡಿ 1948ರಲ್ಲಿ ತೀರಿಕೊಂಡಳು.

1984ರಲ್ಲಿ ಫ್ರಾಂಕ್ ಸ್ಪಿಯರಿಂಗ್ ಬರೆದ ಪುಸ್ತಕ ಎಮ್ಮಾಳನ್ನು ಗುಟ್ಟಾಗಿ ಫೇರ್‌ಹೇವನ್‌ನಿಂದ ಕರೆತಂದು, ಕೊಲೆ ಮಾಡಿಸಿ, ವಾಪಸು ಕಳಿಸುತ್ತದೆ. ಅವಳು ಬಂದದ್ದನ್ನಾಗಲಿ ಹೋದದ್ದನ್ನಾಗಲಿ ಕಂಡವರಿಲ್ಲ. 1991ರಲ್ಲಿ ಅರ್ನಾಲ್ಡ್ ಬ್ರೌನ್, ವಿಲಿಯಂ ಬೋರ್ಡನ್ ಎಂಬವನು ಆಂಡ್ರ್ಯೂವಿನ ಅಕ್ರಮ ಸಂತಾನವೆಂದೂ ಅವನೇ ಕೊಲೆಗಾರನೆಂದೂ ಬರೆದ. ವಂಶಾವಳಿ ಕೆದಕಿದವರಿಗೆ ಅವನು ಚಾರ್ಲ್ಸ್ ಬೋರ್ಡನ್ ಎಂಬ ಬೇರೊಬ್ಬನ ಮಗನಾಗಿ ಸಿಕ್ಕ. ಈ ಎರಡೂ ಪುಸ್ತಕಗಳನ್ನು ಪತ್ತೇದಾರಿ ಕಾದಂಬರಿಯಂತೆ ಓದಿದರೆ ಹೊತ್ತು ಹೋಗುತ್ತದೆ, ಇತಿಹಾಸವೆಂದು ಓದುವ ಅಗತ್ಯವಿಲ್ಲ.

ಉಳಿದವಳು ಲಿಜ್ಜಿ. ಅವಳ ವಿರುದ್ಧದ ಸಾಂದರ್ಭಿಕ ಸಾಕ್ಷ್ಯ ದೊಡ್ಡದಿದೆ. 1887ರಲ್ಲಿ ಆಂಡ್ರ್ಯೂ ಆ್ಯಬಿಯ ಮಲತಂಗಿಗೆ ಆಸರೆಯಾಗಲೆಂದು ಮನೆಯ ಪಾಲೊಂದನ್ನು ಕೊಂಡು ಹೆಂಡತಿಯ ಹೆಸರಿಗೆ ಮಾಡಿದಂದಿನಿಂದ ಲಿಜ್ಜಿ ಅವಳನ್ನು ಅಮ್ಮ ಎನ್ನುವುದನ್ನು ಬಿಟ್ಟು ‘ಮಿಸೆಸ್ ಬೋರ್ಡನ್’ ಎನ್ನತೊಡಗಿದ್ದಳು. ಆಂಡ್ರ್ಯೂ ಸತ್ತಾಗ ಉಯಿಲಿರಲಿಲ್ಲ. ಆಸ್ತಿ ಸುಮಾರು 3 ಲಕ್ಷ ಡಾಲರು. ಅವನು ಮೊದಲು ಸತ್ತಿದ್ದರೆ ವಿಧವೆಯ ಪಾಲು ಆ್ಯಬಿಗೆ ಸೇರಿ, ಅವಳ ನಂತರ ಅವಳ ತವರಿನವರಿಗೆ ಹೋಗುತ್ತಿತ್ತು. ಆ್ಯಬಿ ಮೊದಲು ಸತ್ತದ್ದರಿಂದ ಎಲ್ಲವೂ ಹೆಣ್ಣುಮಕ್ಕಳಿಬ್ಬರಿಗೇ ಬಂತು. ಒಂದೂವರೆ ಗಂಟೆಯ ಅಂತರಕ್ಕೆ ಹೀಗೆ ಆಸ್ತಿ ಹಂಚಿಕೆಯಲ್ಲೂ ಬೆಲೆಯಿತ್ತು.

ಕೊಲೆಯ ಹಿಂದಿನ ದಿನ ಲಿಜ್ಜಿ ತನ್ನ ಅಂಗಡಿಗೆ ಬಂದು, ತುಪ್ಪುಳಿನ ನಿಲುವಂಗಿ ಶುಚಿ ಮಾಡಲು ಪ್ರಸಿಕ್ ಆಮ್ಲವೆಂಬ ವಿಷ ಬೇಕೆಂದು ಕೇಳಿದಳೆಂದೂ ತಾನು ಕೊಡಲಿಲ್ಲವೆಂದೂ ಔಷಧಿ ಅಂಗಡಿಯ ಇಲೈ ಬೆನ್ಸ್ ಹೇಳಿದ. ಆ್ಯಬಿಗೆ ಕಾಯಿಲೆಯ ಗೆಳತಿಯಿಂದ ಚೀಟಿ ಬಂತು, ಅವಳು ಹೊರಗೆ ಹೋಗಿದ್ದಾಳೆ ಎಂದು ಲಿಜ್ಜಿ ಹೇಳಿದ್ದಳು. ಆ ಚೀಟಿ ಸಿಗಲಿಲ್ಲ. ಬರೆದವರಾಗಲಿ ತಂದುಕೊಟ್ಟವರಾಗಲಿ ಮುಂದೆ ಬರಲಿಲ್ಲ. ಅಪ್ಪನ ಬೂಟು ಬಿಚ್ಚಿ ಚಪ್ಪಲಿ ಕೊಟ್ಟೆನೆಂದು ಅವಳು ಮರಣ ವಿಚಾರಣೆಯಲ್ಲಿ ನುಡಿದಳು. ಅಂದು ತೆಗೆದ ಫೋಟೋ ಇಂದಿಗೂ ಇದೆ: ಸೋಫಾದ ಮೇಲಿನ ಹೆಣದ ಕಾಲಲ್ಲಿ ಬೂಟುಗಳಿವೆ.

ಶನಿವಾರ ಸಂಜೆ ಮೇಯರ್ ಕಾಫ್ಲಿನ್ ಮನೆಗೆ ಬಂದು, ಸಂಶಯ ಅವಳ ಮೇಲೆಯೇ ಇದೆ ಎಂದು ತಿಳಿಸಿದರು. ಮರುದಿನ ಬೆಳಿಗ್ಗೆ ಅವಳು ನೀಲಿ ಬಣ್ಣದ ಉಡುಪೊಂದನ್ನು ಅಡುಗೆಮನೆಯ ಒಲೆಗೆ ಹಾಕಿದಳು. ಕಂಡವಳು ಗೆಳತಿ ಆಲಿಸ್ ರಸೆಲ್. ನಾಲ್ಕು ತಿಂಗಳು ಒಳಗೇ ಇಟ್ಟುಕೊಂಡಿದ್ದ ಈ ಮಾತನ್ನು ಡಿಸೆಂಬರ್ 1ರಂದು ಅವಳು ಗ್ರ್ಯಾಂಡ್ ಜ್ಯೂರಿಯ ಮುಂದೆ ಹೇಳಿದಳು. ಮರುದಿನವೇ ದೋಷಾರೋಪ ಹೊರಬಿತ್ತು. ಉಡುಪಿಗೆ ಬಣ್ಣ ಮೆತ್ತಿಕೊಂಡಿತ್ತೆಂಬುದು ಲಿಜ್ಜಿಯ ಸಮಜಾಯಿಷಿ. ಅದನ್ನು ಹೊಲಿದವಳೂ ಹಾಗೆಯೇ ಸಾಕ್ಷಿ ಹೇಳಿದ್ದಾಳೆ.

ಲಿಜ್ಜಿಯ ಪರವಾಗಿ ನಿಲ್ಲುವ ಸಂಗತಿಗಳು ಎರಡು, ಎರಡೂ ಗಟ್ಟಿ. ಕೂಗು ಕೇಳಿ ಕೆಲವೇ ನಿಮಿಷಗಳಲ್ಲಿ ನೆರೆಹೊರೆ ನೆರೆದಾಗ ಅವಳ ಕೂದಲಿಗಾಗಲಿ ಬಟ್ಟೆಗಾಗಲಿ ಒಂದು ಹನಿ ರಕ್ತವೂ ಸಿಡಿದಿರಲಿಲ್ಲ. ಮೈಮೇಲೆ ಅಪ್ಪನ ಕೋಟು ಹಾಕಿಕೊಂಡಿದ್ದಳೆಂದೂ, ಅದಕ್ಕೇ ಆ ಕೋಟು ಹೆಣದ ತಲೆಯಡಿ ಮಡಚಿ ಸಿಕ್ಕಿತೆಂದೂ ಕೆಲವರು ಊಹಿಸುತ್ತಾರೆ. ಬತ್ತಲೆಯಾಗಿ ಕೊಂದಳೆಂಬುದು 1975ರ ಟೀವಿ ಚಿತ್ರದ ಕಲ್ಪನೆ. ಎರಡನೆಯದು, ಆಯುಧ. ನೆಲಮಾಳಿಗೆಯಲ್ಲಿ ಕಾವು ಮುರಿದ ಕೈಗೊಡಲಿಯೊಂದು ಸಿಕ್ಕಿತ್ತು. ಅಲಗಿಗೆ ಬೂದಿ ಮೆತ್ತಿತ್ತು. ಅದರಲ್ಲಿ ರಕ್ತ ಕಾಣಲಿಲ್ಲವೆಂದು ಪ್ರೊಫೆಸರ್ ವುಡ್ ಹೇಳಿದರು. ಮುರಿದ ಕಾವಿನ ತುಂಡು ಅದೇ ಪೆಟ್ಟಿಗೆಯಲ್ಲಿತ್ತೆಂದು ಒಬ್ಬ ಪೊಲೀಸ್, ಇರಲಿಲ್ಲವೆಂದು ಇನ್ನೊಬ್ಬ ಪೊಲೀಸ್ ನ್ಯಾಯಾಲಯದಲ್ಲೇ ಹೇಳಿದಾಗ ಪ್ರಾಸಿಕ್ಯೂಷನ್ ಪೇಚಿಗೆ ಬಿತ್ತು. ಇನ್ನೂ ಮುಖ್ಯವಾದದ್ದು, ಆ್ಯಬಿಯ ತಲೆಬುರುಡೆಯ ಗಾಯವೊಂದರಲ್ಲಿ ಹೊಳೆಯುವ ಲೋಹದ ಲೇಪ ಸಿಕ್ಕಿದೆ, ಇದು ಹೊಸ ಕೊಡಲಿಯ ಗುರುತು ಎಂದು ಡಾ. ಡ್ರೇಪರ್ ವಿಚಾರಣೆಗೆ ಮೊದಲೇ ಸರ್ಕಾರಿ ವಕೀಲ ಹೋಸಿಯಾ ನೋಲ್ಟನ್‌ಗೆ ಬರೆದಿದ್ದರು. ನೋಲ್ಟನ್ ಕಾಗದಪತ್ರಗಳು 1994ರಲ್ಲಿ ಅಚ್ಚಾಗಿವೆ. ನೆಲಮಾಳಿಗೆಯ ಹಳೆಯ ಕೊಡಲಿಗೂ ಈ ಲೇಪಕ್ಕೂ ಹೊಂದುವುದಿಲ್ಲ.

ನೋಲ್ಟನ್‌ಗೇ ಮೊಕದ್ದಮೆ ನಿಲ್ಲುವ ಭರವಸೆ ಇರಲಿಲ್ಲ. 1893ರ ಏಪ್ರಿಲ್‌ನಲ್ಲಿ ಅಟಾರ್ನಿ ಜನರಲ್ ಪಿಲ್ಸ್‌ಬರಿಗೆ ಬರೆದ ಪತ್ರದಲ್ಲಿ ಇದರಿಂದ ಬಿಡುಗಡೆ ಸಿಕ್ಕಿದ್ದರೆ ಚೆನ್ನಾಗಿತ್ತೆಂಬ ಧಾಟಿಯೇ ಇದೆ. ಜೂನ್ 5ರಂದು ನ್ಯೂ ಬೆಡ್‌ಫರ್ಡ್‌ನಲ್ಲಿ ಮೂವರು ನ್ಯಾಯಾಧೀಶರ ಮುಂದೆ ವಿಚಾರಣೆ ಆರಂಭವಾಯಿತು. ಮರಣ ವಿಚಾರಣೆಯಲ್ಲಿ ಲಿಜ್ಜಿ ಕೊಟ್ಟಿದ್ದ ಗೊಂದಲದ ಹೇಳಿಕೆಯನ್ನು ನ್ಯಾಯಾಧೀಶರು ಸಾಕ್ಷ್ಯದಿಂದ ಹೊರಗಿಟ್ಟರು. ವಕೀಲರಿಲ್ಲದೆ, ಬಂಧನಕ್ಕೆ ಸಮಾನವಾದ ಸ್ಥಿತಿಯಲ್ಲಿ ಅದನ್ನು ಪಡೆಯಲಾಗಿತ್ತು ಎಂಬುದು ಕಾರಣ. ಆ ದಿನಗಳಲ್ಲಿ ವೈದ್ಯರ ಸಲಹೆಯಂತೆ ಅವಳಿಗೆ ಮಾರ್ಫಿನ್ ಕೊಡಲಾಗುತ್ತಿತ್ತು. ಬೆನ್ಸ್‌ನ ಸಾಕ್ಷ್ಯವನ್ನೂ ಪ್ರಸ್ತುತವಲ್ಲವೆಂದು ತಳ್ಳಿಹಾಕಲಾಯಿತು. ಹೀಗೆ ಇಂದಿನ ಓದುಗನಿಗೆ ಗೊತ್ತಿರುವ ಎರಡು ಪ್ರಬಲ ಸಂಗತಿಗಳು ಜ್ಯೂರಿಯ ಮುಂದೆ ಬರಲೇ ಇಲ್ಲ. ಮೊದಲನೆಯದನ್ನು ಹೊರಗಿಟ್ಟದ್ದು ಸರಿ, ಎರಡನೆಯದನ್ನು ಹೊರಗಿಟ್ಟದ್ದು ಔದಾರ್ಯ ಎಂದು ನನಗನ್ನಿಸುತ್ತದೆ.

ಲಿಜ್ಜಿಯ ಪರ ವಕೀಲ ಜಾರ್ಜ್ ರಾಬಿನ್ಸನ್ ರಾಜ್ಯದ ಮಾಜಿ ಗವರ್ನರ್. ಜ್ಯೂರಿಗೆ ತಿಳಿವಳಿಕೆ ಕೊಟ್ಟ ನ್ಯಾಯಾಧೀಶ ಜಸ್ಟಿನ್ ಡ್ಯೂಯಿಯನ್ನು ಹುದ್ದೆಗೆ ನೇಮಿಸಿದ್ದೂ ಇದೇ ರಾಬಿನ್ಸನ್. ಡ್ಯೂಯಿಯ ಮಾತು ಆರೋಪಿಯ ಕಡೆಗೆ ವಾಲಿತ್ತೆಂದು ಆಗಲೇ ಟೀಕೆ ಎದ್ದಿತ್ತು. ಚರ್ಚಿನಲ್ಲಿ ಪಾಠ ಹೇಳುವ, ಪಾನನಿರೋಧ ಸಂಘದ ಸದಸ್ಯೆಯಾದ ಒಳ್ಳೆಯ ಮನೆತನದ ಹೆಣ್ಣೊಬ್ಬಳು ಪಿಶಾಚಿಯಂತೆ ಕಾಣುತ್ತಾಳೆಯೇ ಎಂಬುದು ರಾಬಿನ್ಸನ್ ವಾದದ ತಿರುಳು. ಹನ್ನೆರಡೂ ಮಂದಿ ಗಂಡಸರೇ ಇದ್ದ ಜ್ಯೂರಿ ಜೂನ್ 20ರಂದು ಸುಮಾರು ಒಂದೂವರೆ ಗಂಟೆಯಲ್ಲಿ ಅವಳನ್ನು ನಿರ್ದೋಷಿ ಎಂದಿತು. ವರ್ಗದ ಮರ್ಯಾದೆ ಅವಳನ್ನು ಕಾಪಾಡಿತೆಂಬ ಮಾತಿನಲ್ಲಿ ಸತ್ಯವಿದೆ. ಅದೇ ಜಾಗದಲ್ಲಿ ಬ್ರಿಜೆಟ್ ನಿಂತಿದ್ದರೆ ಆ ಪ್ರಶ್ನೆಯನ್ನು ಕೇಳುವ ವಕೀಲ ಸಿಗುತ್ತಿರಲಿಲ್ಲ.

ಆಮೇಲಿನ ವಾದಗಳಲ್ಲಿ ಹೊಸ ಸಾಕ್ಷ್ಯಕ್ಕಿಂತ ಆಯಾ ಕಾಲದ ಆಸಕ್ತಿ ಎದ್ದು ಕಾಣುತ್ತದೆ. 1967ರಲ್ಲಿ ಫಾಲ್ ರಿವರ್‌ನವಳೇ ಆದ ವಿಕ್ಟೋರಿಯಾ ಲಿಂಕನ್ ಅಪಸ್ಮಾರದ ಮಂಪರಿನಲ್ಲಿ ಕೊಲೆ ನಡೆಯಿತೆಂದಳು. 1984ರಲ್ಲಿ ಎವಾನ್ ಹಂಟರ್ ತನ್ನ ಕಾದಂಬರಿಯಲ್ಲಿ ಲಿಜ್ಜಿಯ ಸಲಿಂಗ ಸಂಬಂಧವನ್ನು ಕಾರಣವಾಗಿಸಿದ. 1990ರ ದಶಕದಲ್ಲಿ ತಂದೆಯಿಂದ ಲೈಂಗಿಕ ದೌರ್ಜನ್ಯ ನಡೆದಿತ್ತೆಂಬ ವಾದ ಬಂತು. ಈ ಮೂರಕ್ಕೂ 1892ರ ದಾಖಲೆಗಳಲ್ಲಿ ಆಧಾರವಿಲ್ಲ. ಮಂಪರಿನ ವಾದವನ್ನಂತೂ ಒಂದೂವರೆ ಗಂಟೆಯ ಅಂತರವೇ ಮುರಿಯುತ್ತದೆ. ಮಂಪರಿನಲ್ಲಿದ್ದವಳು ಚೀಟಿಯ ಕತೆ ಹೆಣೆಯುವುದಿಲ್ಲ.

ಹೊರಗಿನವನ ವಾದ ಈ ಒರೆಗಲ್ಲಿನಲ್ಲಿ ಉಳಿಯುವುದಿಲ್ಲ. ಮನೆಯೊಳಗಿನ ಇಬ್ಬರಲ್ಲಿ ಉದ್ದೇಶ, ಅವಕಾಶ, ಸುಳ್ಳು ಮೂರೂ ಒಟ್ಟಾಗಿ ಸೇರುವುದು ಲಿಜ್ಜಿಯಲ್ಲಿ ಮಾತ್ರ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಅವಳ ಕಡೆಗೇ ಬೆರಳು ತೋರಿಸುತ್ತೇನೆ. ಆ ಜ್ಯೂರಿಯಲ್ಲಿ ಕೂತಿದ್ದರೆ, ರಕ್ತವಿಲ್ಲದ ಉಡುಪು ಮತ್ತು ಕಾವಿಲ್ಲದ ಕೊಡಲಿಯನ್ನು ನಂಬಿ ಒಬ್ಬಳನ್ನು ನೇಣಿಗೆ ಕಳಿಸುತ್ತಿರಲಿಲ್ಲ.

ಖುಲಾಸೆಯ ನಂತರ ಲಿಜ್ಜಿ ಊರು ಬಿಡಲಿಲ್ಲ. ಅಕ್ಕನೊಂದಿಗೆ ಫ್ರೆಂಚ್ ಸ್ಟ್ರೀಟಿನಲ್ಲಿ ದೊಡ್ಡ ಮನೆ ಕೊಂಡಳು. 1905ರಲ್ಲಿ ಎಮ್ಮಾ ಅವಳನ್ನು ಬಿಟ್ಟು ಹೋದಳು. 1927ರ ಜೂನ್ 1ರಂದು ಲಿಜ್ಜಿ, ಅದಾದ ಒಂಬತ್ತು ದಿನಕ್ಕೆ ಎಮ್ಮಾ ತೀರಿಕೊಂಡರು. ಅವಳ ಪರ ವಾದಿಸಿದ ಇನ್ನೊಬ್ಬ ವಕೀಲ ಆಂಡ್ರ್ಯೂ ಜೆನಿಂಗ್ಸ್‌ನ ಟಿಪ್ಪಣಿ ಪುಸ್ತಕಗಳು ಫಾಲ್ ರಿವರ್ ಹಿಸ್ಟಾರಿಕಲ್ ಸೊಸೈಟಿಗೆ ಸೇರಿವೆ. ರಾಬಿನ್ಸನ್‌ನ ಕಡತಗಳು ಮಾತ್ರ ಸ್ಪ್ರಿಂಗ್‌ಫೀಲ್ಡ್‌ನ ವಕೀಲರ ಸಂಸ್ಥೆಯೊಂದರಲ್ಲಿವೆ. ಕಕ್ಷಿದಾರಳು ಸತ್ತರೂ ಅವಳಿಗಿತ್ತ ಗೋಪ್ಯತೆಯ ಮಾತು ಸಾಯುವುದಿಲ್ಲವೆಂದು ಆ ಸಂಸ್ಥೆ ಅವುಗಳನ್ನು ಸಂಶೋಧಕರಿಗೆ ತೆರೆದಿಲ್ಲ.