ಕೂಸಿನ ಕೌದಿಗೆ ಯಾವ ಹೊಲಿಗೆ?

ಕೂಸಿನ ಕೌದಿಗೆ ಯಾವ ಡಿಸೈನ್ ಹಾಕ್ತೀರಿ ಎಂದು ಈಗ ನನ್ನಲ್ಲಿ ಹೊಲಿಸಲು ಬಂದವರೆಲ್ಲ ಕೇಳುತ್ತಾರೆ. ನಮ್ಮಜ್ಜಿಯ ಕಾಲಕ್ಕೆ ಇದು ಪ್ರಶ್ನೆಯೇ ಆಗಿರಲಿಲ್ಲ. ಡಿಸೈನ್ ಗೊತ್ತು ಮಾಡುತ್ತಿದ್ದುದು ಹಳೇ ಸೀರೆ. ಅಜ್ಜಿಯದು ಸೂಜಿ ಆಡಿಸುವ ಕೆಲಸ ಮಾತ್ರ.

ನಾನು ಗುಳೇದಗುಡ್ಡದವಳು. ಗಂಡನಿಗೆ ಎಚ್‌ಎಎಲ್‌ನಲ್ಲಿ ಕೆಲಸವೆಂದು ಮಾರತ್ತಹಳ್ಳಿಗೆ ಬಂದವಳು ಇಲ್ಲೇ ಹಳಬಳಾದೆ. ಬರುವಾಗ ತಂದ ಟ್ರಂಕಿನಲ್ಲಿ ನಾಲ್ಕು ಕೌದಿಗಳಿದ್ದವು. ಕೌದಿಯೆಂದರೆ ಹತ್ತಿ ತುಂಬಿದ ರಜಾಯಿ ಅಲ್ಲ. ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಚಿಂದಿ ಜೋಡಿಸಿ, ದಪ್ಪ ದಾರದಲ್ಲಿ ಸಾಲುಸಾಲಾಗಿ ಟಾಕು ಹಾಕಿದ್ದು. ದೊಡ್ಡವರದ್ದಕ್ಕೆ ಐದಾರು ಪದರ, ಕೂಸಿನದಕ್ಕೆ ಎರಡು, ಬಹಳವಾದರೆ ಮೂರು. ಡೈಪರ್ ಇಲ್ಲದ ಕಾಲ. ಕೂಸು ರಾತ್ರಿ ಮೂರು ಸಲ ತೋಯಿಸಿದರೆ ಬೆಳಗಾಗುವಷ್ಟರಲ್ಲಿ ಮೂರು ಕೌದಿ ಒಗೆಯಬೇಕು, ಸಂಜೆಯೊಳಗೆ ಒಣಗಬೇಕು. ದಪ್ಪಗಿದ್ದರೆ ಮಳೆಗಾಲದಲ್ಲಿ ಬಾಣಂತಿಯ ಕೋಣೆಯೆಲ್ಲ ಮುಗ್ಗುಲು ವಾಸನೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಮೊದಲೇ ಇಂಥ ಐದಾರು ಕೌದಿಗಳು, ಜೊತೆಗೆ ಖಣದ ಕುಂಚಿಗೆ ಒಂದೆರಡು, ಸಿದ್ಧವಾಗಿರುತ್ತಿದ್ದವು.

ಹೊಲಿಗೆಯ ಸಾಲು ನೇರವಾಗಿಯೇ ಏಕೆ ಓಡುತ್ತಿತ್ತು ಎನ್ನುವುದಕ್ಕೆ ಬಟ್ಟೆಯಲ್ಲೇ ಕಾರಣವಿದೆ. ಹಾಸು ಹೊಕ್ಕಿನ ಎಳೆ ಹಿಡಿದು ಹೊಲಿದರೆ ಬಟ್ಟೆ ಸುಮ್ಮನಿರುತ್ತದೆ. ಓರೆಯಾಗಿ ಹೊಲಿದರೆ ಜಗ್ಗುತ್ತದೆ, ನಾಲ್ಕು ಒಗೆತಕ್ಕೆ ಮೂಲೆ ಸೊಟ್ಟಗಾಗುತ್ತದೆ. ಸಾಲುಗಳು ತೀರ ಒತ್ತಾದರೆ ಕೌದಿ ಸೆಟೆದು ಹಲಗೆಯಾಗುತ್ತದೆ. ವಿರಳವಾದರೆ ಒಳಪದರ ಮುದ್ದೆಯಾಗುತ್ತದೆ. ಹಾಗಾಗಿ ಕೂಸಿನದಕ್ಕೆ ಎರಡು ಬೆರಳಿನ ಅಂತರ. ಮೇಲ್ಮೈಯಲ್ಲಿ ಟಾಕು ಗಿಡ್ಡಗಿರಬೇಕು, ಅಕ್ಕಿಕಾಳಿನಷ್ಟು. ಉದ್ದ ಟಾಕಿಗೆ ಕೂಸಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಗಂಟು ಎಂದೂ ಹೊರಗೆ ಕಾಣಬಾರದು; ಪದರದ ನಡುವೆ ಸೂಜಿ ತೂರಿಸಿ, ದಾರ ಎಳೆದು, ಗಂಟನ್ನು ಒಳಗೆ ಪಟ್ಟೆಂದು ಜಾರಿಸಬೇಕು. ಆ ಸದ್ದು ಕೇಳದಿದ್ದರೆ ಅಜ್ಜಿ ಬಿಚ್ಚಿಸುತ್ತಿದ್ದಳು.

ಇಳಕಲ್ ಸೀರೆಯದೇ ಒಂದು ತಕರಾರು. ಅದರ ಮೈ ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಒಗೆದಾಗ ಹತ್ತಿ, ರೇಷ್ಮೆ ಎರಡೂ ಒಂದೇ ಸಮ ಮುದುಡುವುದಿಲ್ಲ. ಹೀಗಾಗಿ ಕೆಂಪು ಬಿಳುಪಿನ ಟೋಪ ತೆನಿ ಸೆರಗನ್ನು ಕತ್ತರಿಸಿ ತಲೆಯ ಕಡೆಗೆ ಒಂದು ಪಟ್ಟಿಯಾಗಿ ಹಾಕುತ್ತಿದ್ದರು. ನೋಡಿದವರು ಅದನ್ನು ಅಲಂಕಾರ ಅಂದುಕೊಳ್ಳಬೇಕು! ದಡಿ ಗಟ್ಟಿ, ಬೇಗ ಹರಿಯದು, ಅದಕ್ಕೇ ನಾಲ್ಕೂ ಅಂಚಿಗೆ. ರವಿಕೆ ಹೊಲಿದುಳಿದ ಖಣದ ಮೂಲೆ ತುಂಡುಗಳು ತ್ರಿಕೋನವಾಗಿಯೇ ಉಳಿಯುತ್ತಿದ್ದವು, ತ್ರಿಕೋನವಾಗಿಯೇ ಕೌದಿಗೆ ಬಂದವು.

ಎಲ್ಲರ ಮನೆಯಲ್ಲೂ ಹೊಲಿಯುವ ಕೈಗಳಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಣ್ಣುಮಕ್ಕಳು ಊರಿಗೆ ಬರುತ್ತಿದ್ದರು. ಅವರ ಗಂಡಸರು ಸಂಬಾಳ, ಚೌಡಿಕೆ ವಾದ್ಯಗಳನ್ನು ಹಿಡಿದು ಅಂಬಾಭವಾನಿಯ ಗೊಂದಲ ಹಾಕುವವರು. ಹೆಂಗಸರು ಕಟ್ಟೆಯ ಮೇಲೆ ಸೀರೆ ಹಾಸಿ, ಮೂಲೆಗೊಂದು ಕಲ್ಲು ಹೇರಿ ಕೌದಿ ಹೊಲಿಯುವವರು. ಕೂಲಿ ಜೋಳದಲ್ಲಿ. ಅವರ ಸಾಲು ಎಷ್ಟು ನೇರವೆಂದರೆ ನಮ್ಮೂರ ನೇಕಾರರೇ ಬೆರಗಾಗುತ್ತಿದ್ದರು.

ಬೆಂಗಳೂರಿನ ದಂಡು ಪ್ರದೇಶದ ಕಡೆ, ಶಿವಾಜಿನಗರ ಹಲಸೂರುಗಳಲ್ಲಿ, ಬೇರೆಯದೇ ದಾರಿ. ಅಲ್ಲಿ ಹತ್ತಿ ಹಿಂಜುವ ಪಿಂಜಾರರು ಬಿಲ್ಲು ಹೆಗಲಿಗೇರಿಸಿ ಬೀದಿ ಸುತ್ತುತ್ತಿದ್ದ ಕಾಲವಿತ್ತು. ಬಿಲ್ಲಿನ ಟುಂಯ್ ಸದ್ದು ಕೇಳಿದರೆ ಹಾಸಿಗೆ, ರಜಾಯಿಗಳು ಹೊರಬರುತ್ತಿದ್ದವು. ಬಿಡಿ ಹತ್ತಿ ಜರುಗಿ ಒಂದು ಕಡೆ ಗುಡ್ಡೆಯಾಗುತ್ತದೆಯಾದ್ದರಿಂದ ರಜಾಯಿಗೆ ಚೌಕ ಚೌಕವಾಗಿ, ಉದ್ದಕ್ಕೂ ಅಡ್ಡಕ್ಕೂ ಹೊಲಿಗೆ ಬೇಕೇ ಬೇಕು. ಅಂದರೆ ಅಲ್ಲಿಯೂ ಡಿಸೈನ್ ಹೇಳಿದ್ದು ಒಳಗಿನ ಹತ್ತಿ.

ಅಂದಕ್ಕೆಂದೇ ಹೊಲಿದವರು ಇಲ್ಲವೇ? ಇದ್ದಾರೆ, ಅವರ ಮುಂದೆ ನಮ್ಮ ಕೌದಿ ಸಪ್ಪೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಕವಂದಿ. ಪೂರ್ವಜರು ಆಫ್ರಿಕಾದಿಂದ ಬಂದ ಈ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಆ ಹೊತ್ತಿನಲ್ಲೇ ಅಲ್ಲಿ ಓಡಾಡಿದರು; ಕವಂದಿಗಳು ಪರದೇಶದ ಪ್ರದರ್ಶನಗಳಿಗೂ ಹೋದವು. ಸಿದ್ದಿಯರು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಸಾಲುಗಳು ಒಂದರೊಳಗೊಂದು ಚೌಕವಾಗುತ್ತವೆ. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ‘ಫೂಲ’ ಇಡುತ್ತಾರೆ. ಅದಿಲ್ಲದ ಕವಂದಿ ಬತ್ತಲೆ ಎನ್ನುವುದು ಅವರ ಮಾತು. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ ಕಾಣಿಸಿದರೆ ಮುಸ್ಲಿಮರದರಲ್ಲಿ ಅರ್ಧಚಂದ್ರ. ಬಿಹಾರದ ಸುಜನಿ ಎಂಬ ಕೌದಿಯೂ ಮೊದಲಿಗೆ ಹಸುಗೂಸಿಗೆಂದೇ ಹುಟ್ಟಿದ್ದು; ಅಲ್ಲಿ ಚಿಂದಿಗೇ ಒಬ್ಬ ದೇವತೆ ಇದ್ದಾಳೆ, ಚಿತಿರಿಯಾ ಮಾ. ಹಳೇ ಬಟ್ಟೆಯಲ್ಲಿ ಕೂಸನ್ನು ಸುತ್ತಿದರೆ ದೃಷ್ಟಿ ತಾಗದು, ದೊಡ್ಡವರ ಆಯುಷ್ಯ ಸೇರುತ್ತದೆ ಎಂದು ನಮ್ಮ ಕಡೆಯೂ ಹೇಳುತ್ತಾರೆ. ಆಯುಷ್ಯದ ಮಾತು ಹೇಗಾದರೂ ಇರಲಿ, ಹೊಸ ಬಟ್ಟೆಯ ಗಂಜಿ ಎಳೆಚರ್ಮವನ್ನು ಕೆರೆಯುವುದಂತೂ ನಿಜ.

ಬಟ್ಟೆ ಹೇಳಿದಂತೆ ಹೊಲಿಯುವ ಈ ಕಟ್ಟು ಸಡಿಲಾಗಿದ್ದು ಹೊಸ ಬಟ್ಟೆ ಅಗ್ಗವಾದಾಗ. ಹೊರವರ್ತುಲ ರಸ್ತೆಯ ಈ ಬದಿಯಲ್ಲಿ ಫ್ಯಾಕ್ಟರಿ ಔಟ್‌ಲೆಟ್‌ಗಳು ಸಾಲುಗಟ್ಟಿದವು. ಗಾರ್ಮೆಂಟ್‌ನ ಕಟ್ ಪೀಸು ಕಿಲೋ ಲೆಕ್ಕದಲ್ಲಿ ಸಿಗತೊಡಗಿತು. ಸೀರೆ ಪಾಲಿಯೆಸ್ಟರ್ ಆಯಿತು. ಅದು ಸವೆಯದು, ಮೆತ್ತಗಾಗದು, ಉಚ್ಚೆ ಹೀರದು. ಕೌದಿಗೆ ಬೇಕಾದ ಸೀರೆಯೇ ಮನೆಯಲ್ಲಿ ಇಲ್ಲವೆಂದ ಮೇಲೆ ಬಟ್ಟೆ ಆರಿಸಬೇಕು, ಬಣ್ಣ ಆರಿಸಬೇಕು, ಹೊಲಿಗೆಯನ್ನೂ ಆರಿಸಬೇಕು. ಅಪಾರ್ಟ್‌ಮೆಂಟಿನ ಹುಡುಗಿಯರು ಫೋನಿನಲ್ಲಿ ಆನೆ, ಮೋಡ, ಆಕಾಶದ ಚಿಕ್ಕಿ ತೋರಿಸುತ್ತಾರೆ. ಮೆಷಿನ್ನಿನಲ್ಲಿ ಬಳುಕಿಸಿ ಹೊಲಿದ ಬಳ್ಳಿ ಚಂದವೇ, ಇಲ್ಲವೆನ್ನಲಾರೆ. ಆದರೆ ಒಳಗೆ ಸ್ಪಂಜಿನಂಥ ಪಾಲಿಯೆಸ್ಟರ್ ವ್ಯಾಡಿಂಗ್ ಇಟ್ಟರೆ ಬೆಂಗಳೂರಿನ ಏಪ್ರಿಲ್‌ನಲ್ಲಿ ಕೂಸು ಬೆವರಿ ಚೀರುತ್ತದೆ.

ಮುನ್ನೇಕೊಳಾಲದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ. ಅವರಲ್ಲೊಬ್ಬಳು ನನಗೆ ಕೌದಿ ಹೊಲಿದುಕೊಡುತ್ತಾಳೆ. ಗಿರಾಕಿ ಚಿಕ್ಕಿಯ ಹೊಲಿಗೆ ಬೇಕೆಂದದ್ದನ್ನು ಹೇಳಿದೆ. “ಚಿಕ್ಕಿ ಹೊಲೀತೀನ್ರಿ ಯಕ್ಕಾ, ಐದು ಮೂಲಿ ಓರೆ ಬರ್ತಾವ. ಜಗ್ಗಿದ್ರ ನನ್ನ ಬೈಬ್ಯಾಡ್ರಿ ಅಂತ ಹೇಳ್ರಿ ಅವ್ರಿಗೆ,” ಎಂದಳು. ಕೊನೆಗೆ ಒಂದು ಉಪಾಯ ಮಾಡಿದೆವು. ಚಿಕ್ಕಿಯನ್ನು ಮೇಲಿನ ಪದರಕ್ಕೆ ಮಾತ್ರ ತೇಪೆಯಾಗಿ ಹಚ್ಚಿ, ಮೂರೂ ಪದರ ಹಿಡಿಯುವ ಟಾಕನ್ನು ಸಿದ್ದಿಯರಂತೆ ಅಂಚಿನಿಂದ ನಡುವಿಗೆ ಸುತ್ತಿಸಿದಳು. ಆಗ ಸಾಲು ಎಳೆ ಬಿಟ್ಟು ಹೋಗುವುದಿಲ್ಲ.

ಈಗ ಹೊಸ ಬಟ್ಟೆ ಹಿಡಿದು ಬಂದವರಿಗೆ ನಾನು ಹೇಳುವುದಿಷ್ಟು: ಮೊದಲು ಬಿಸಿನೀರಿನಲ್ಲಿ ನಾಲ್ಕು ಸಲ ಒಗೆದು ತನ್ನಿ, ಅತ್ತೆಯದೋ ಅಮ್ಮನದೋ ಒಂದು ಹತ್ತಿ ಸೀರೆ ಅಸ್ತರಕ್ಕೆ ತನ್ನಿ. ಬಟ್ಟೆ ಕೈಗೆ ಬಂದ ಮೇಲೆ ಹೊಲಿಗೆಯ ಮಾತಾಡೋಣ.